ಸರ್ಕಾರಿ ಲಾ ಕಾಲೇಜಿನಲ್ಲಿ ಮೂರು ವರ್ಷ: 5ಕ್ಕೆ ಮೂರೂವರೆ

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಮೂರು ವರ್ಷದ ಎಲ್‌ಎಲ್‌ಬಿಗೆ ನಾನು ವರ್ಷಕ್ಕೆ ಕಟ್ಟಿದ ಫೀಸು ನನ್ನ ಬೈಕಿನ ಪೆಟ್ರೋಲ್ ಖರ್ಚಿಗಿಂತ ಕಡಿಮೆ. ಪರೀಕ್ಷೆ ಫೀಸು ಬೇರೆ, ಅದೂ ಕೈ ಸುಡುವಂಥದ್ದಲ್ಲ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಅಂದರೆ ವರ್ಷಕ್ಕೆ ಲಕ್ಷಗಳ ಲೆಕ್ಕ, ಅದೂ ಇಡೀ ದೇಶದವರ ಜೊತೆ ಎಂಟ್ರೆನ್ಸ್ ಬರೆದು ಗೆದ್ದ ಮೇಲೆ. ನಮ್ಮಲ್ಲಿ ಎಂಟ್ರೆನ್ಸ್ ಇರಲಿಲ್ಲ. ಡಿಗ್ರಿಯಲ್ಲಿ 45 ಪರ್ಸೆಂಟ್ ಇದ್ದರೆ ಅರ್ಜಿ ಹಾಕಬಹುದು, ಹಿಂದುಳಿದ ವರ್ಗದವರಿಗೆ 42, ಎಸ್‌ಸಿ ಎಸ್‌ಟಿಯವರಿಗೆ 40. ಆಮೇಲೆ ಮೆರಿಟ್ ಪಟ್ಟಿ, ಅಷ್ಟೇ.

ಕಾಲೇಜಿನ ಹೆಸರು ಹಾಕುವುದಿಲ್ಲ. ಬೈಯುವುದೂ ಇದೆ, ನಾಳೆ ಅದೇ ಊರಿನ ಕೋರ್ಟಿನಲ್ಲಿ ಅವರ ಮುಖ ನೋಡಬೇಕು. ಹುಬ್ಬಳ್ಳಿ ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಒಂದು ಎಂದುಕೊಳ್ಳಿ, ಸಾಕು.

ಕ್ಲಾಸಿಗೆ ಹೋದ ಮೊದಲ ದಿನ ನಾನು ತಪ್ಪು ಕೋಣೆಗೆ ಬಂದೆನೇನೋ ಅಂದುಕೊಂಡೆ. ಮುಂದಿನ ಬೆಂಚಿನಲ್ಲಿ ತಾಲ್ಲೂಕು ಕಚೇರಿಯಿಂದ ರಿಟೈರ್ ಆದ ಒಬ್ಬರು, ಅವರ ಪಕ್ಕ ನೈಟ್ ಡ್ಯೂಟಿ ಮುಗಿಸಿ ಬಂದ ಪೊಲೀಸ್ ಪೇದೆ, ಹಿಂದೆ ಮಗುವನ್ನು ಅಂಗನವಾಡಿಗೆ ಬಿಟ್ಟು ಓಡಿ ಬಂದ ತಾಯಿ, ಆಗಷ್ಟೇ ಬಿಎ ಮುಗಿಸಿದ ಹುಡುಗರು. ಕಂದಾಯ ಕಾನೂನಿನ ಪಾಠ ಬಂದಾಗ ಲೆಕ್ಚರರ್‌ಗಿಂತ ಆ ರಿಟೈರ್ ಆದವರ ಹತ್ತಿರವೇ ಜಾಸ್ತಿ ಕಲಿತೆವು. ಪಹಣಿ, ಪೋಡಿ, ಮ್ಯುಟೇಶನ್ ಎಲ್ಲ ಅವರ ನಾಲಿಗೆ ತುದಿಯಲ್ಲಿತ್ತು. ಇಂಥ ಕ್ಲಾಸ್ ದುಬಾರಿ ಕಾಲೇಜಿನಲ್ಲಿ ಸಿಗುವುದಿಲ್ಲ, ನಾನಂತೂ ಇದಕ್ಕೇ ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ.

ಈಗ ಬೈಗುಳ. ಖಾಯಂ ಲೆಕ್ಚರರ್‌ಗಳು ಕಡಿಮೆ, ಹೆಚ್ಚಿನ ಪಾಠ ಅತಿಥಿ ಉಪನ್ಯಾಸಕರದ್ದು. ಅವರಲ್ಲಿ ಇಬ್ಬರು ನಿಜಕ್ಕೂ ಚೆನ್ನಾಗಿ ಮಾಡುತ್ತಿದ್ದರು, ಆದರೆ ಕೋರ್ಟಿನಲ್ಲಿ ಅವರ ಕೇಸ್ ಕರೆದರೆ ಇಲ್ಲಿ ಕ್ಲಾಸ್ ಇಲ್ಲ. ಬೆಳಗ್ಗೆ ಎಂಟೂವರೆಯ ಬಸ್ಸಿಗೆ ಓಡಿ ಬಂದು, ಬೋರ್ಡಿನ ಮೇಲೆ ನಿನ್ನೆಯದೇ ಬರಹ ನೋಡಿಕೊಂಡು ಕೂತ ದಿನಗಳು ಎಷ್ಟೋ. ಹಾಜರಿ ಮಾತ್ರ ವಕೀಲರ ಪರಿಷತ್ತಾದ ಬಾರ್ ಕೌನ್ಸಿಲ್ ನಿಯಮದಂತೆ 70 ಪರ್ಸೆಂಟ್ ಬೇಕು. ಆ ಪೇದೆ ಇದಕ್ಕಾಗಿ ಪಟ್ಟ ಪಾಡು ನನಗೆ ಗೊತ್ತು.

ಲೈಬ್ರರಿ ಬಗ್ಗೆ ಏನು ಹೇಳಲಿ? 2024ರ ಜುಲೈ 1ಕ್ಕೆ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ನಮ್ಮ ಕಪಾಟಿನಲ್ಲಿ ಮಾತ್ರ ಐಪಿಸಿಯೇ ಆರಾಮಾಗಿ ಕೂತಿತ್ತು. ಯಾರೋ ಪುಣ್ಯಾತ್ಮರು ಅದೇ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಹೊಸ ಕಲಂ ನಂಬರ್ ಬರೆದಿಟ್ಟಿದ್ದರು: 302ರ ಪಕ್ಕ 103, 379ರ ಪಕ್ಕ 303(2), 420ರ ಪಕ್ಕ 318(4). ಮುಕ್ಕಾಲು ಪುಸ್ತಕ ದಾಟುವಷ್ಟರಲ್ಲಿ ಅವರಿಗೂ ಸಾಕಾಗಿದೆ, ಮುಂದೆ ಖಾಲಿ. ಬೇರ್ ಆಕ್ಟ್‌ಗಳನ್ನು, ಅಂದರೆ ಕಾಯ್ದೆಯ ಮೂಲಪಾಠ ಮಾತ್ರ ಇರುವ ಪುಸ್ತಕಗಳನ್ನು, ನೀವೇ ಕೊಂಡುಕೊಳ್ಳಿ. ಇಡೀ ಕೋರ್ಸಿನಲ್ಲಿ ಕಂಜೂಸ್‌ತನ ಮಾಡಬಾರದ ಖರ್ಚು ಅದೊಂದೇ.

ಕನ್ನಡದಲ್ಲಿ ಓದಿದವರು ಸೇರಬಹುದಾ ಅಂತ ಕೇಳುವವರಿಗೆ: ಸೇರಬಹುದು. ಪ್ರಶ್ನೆಪತ್ರಿಕೆಯಲ್ಲಿ ಐದು ಘಟಕ, ಒಂದೊಂದರಲ್ಲಿ ಒಂದು ಪ್ರಬಂಧ, ಜೊತೆಗೆ ಒಂದು ಟಿಪ್ಪಣಿ ಅಥವಾ ಸಮಸ್ಯೆ. ಪೂರ್ತಿ ಕನ್ನಡದಲ್ಲೇ ಉತ್ತರ ಬರೆಯಬಹುದು, ಇಲ್ಲ ಪೂರ್ತಿ ಇಂಗ್ಲಿಷಿನಲ್ಲಿ. ಆದರೆ ಬರೆಯುವುದು ಬೇರೆ, ಓದುವುದು ಬೇರೆ. ಸಂವಿಧಾನದ ಮೂಲ ಸ್ವರೂಪ ಬದಲಿಸುವಂತಿಲ್ಲ ಅಂದ 1973ರ ಕೇಶವಾನಂದ ಭಾರತಿ ತೀರ್ಪನ್ನೇ ತೆಗೆದುಕೊಳ್ಳಿ. ಕೇಸ್ ಹಾಕಿದವರು ಕಾಸರಗೋಡು ಹತ್ತಿರದ ಎಡನೀರು ಮಠದ ಸ್ವಾಮೀಜಿ, ಕನ್ನಡದವರೇ. 13 ನ್ಯಾಯಮೂರ್ತಿಗಳು ಕೂತು ಬರೆದ ನೂರಾರು ಪುಟದ ಆ ತೀರ್ಪು ನಮ್ಮ ಹುಡುಗರ ಕೈಗೆ ಬರುವುದು ಗೈಡಿನ ಒಂದೂವರೆ ಪುಟವಾಗಿ. ಅದನ್ನೇ ಉರು ಹೊಡೆದು ಪಾಸಾಗುತ್ತಾರೆ. ನಾನೂ ಮೊದಲ ಎರಡು ಸೆಮಿಸ್ಟರ್ ಹಾಗೆಯೇ ಪಾಸಾದೆ, ಸುಳ್ಳು ಯಾಕೆ ಹೇಳಲಿ. ಮೂರನೆಯದರಲ್ಲಿ ಒಬ್ಬ ಗೆಸ್ಟ್ ಲೆಕ್ಚರರ್ ಹಿಡಿದು ಕೂರಿಸಿ ಒಂದು ಪೂರ್ತಿ ತೀರ್ಪು ಓದಿಸಿದರು, 1992ರ ಮೋಹಿನಿ ಜೈನ್ ಕೇಸು. ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿನ ಸೀಟಿನ ವಿಷಯ. ಆಗಿನ ಸರ್ಕಾರಿ ಅಧಿಸೂಚನೆಯ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಖಾಸಗಿ ಕಾಲೇಜಿನ ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. ಮೋಹಿನಿ ಮೀರತ್‌ನ ಹುಡುಗಿ. ಕ್ಯಾಪಿಟೇಶನ್ ಫೀ (ಸೀಟಿಗೆ ಕೇಳುವ ಡೊನೇಶನ್) ತಪ್ಪು, ಓದುವುದು ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷವೇ ಉನ್ನಿಕೃಷ್ಣನ್ ಕೇಸಿನಲ್ಲಿ ಆ ಹಕ್ಕನ್ನು 14 ವರ್ಷದವರೆಗೆ ಅಂತ ಕತ್ತರಿಸಿದ್ದೂ ನಿಜ. ಡಿಕ್ಷನರಿ ಹಿಡಿದು ಓದಲು ನನಗೆ ನಾಲ್ಕು ದಿನ ಬೇಕಾಯಿತು. ಅದಾದ ಮೇಲೆ ಗೈಡು ಕೊಳ್ಳುವುದು ಬಿಟ್ಟೆ. ಪೂರ್ತಿ ಅಲ್ಲ, ತೆರಿಗೆ ಕಾನೂನಿಗೆ ಕೊಂಡೆ.

ಮೂಟ್ ಕೋರ್ಟ್, ಅಂದರೆ ಅಣಕು ನ್ಯಾಯಾಲಯ, ನಮ್ಮಲ್ಲಿ ನಾಟಕ. ಎರಡು ಡೆಸ್ಕ್ ಜೋಡಿಸಿದರೆ ನ್ಯಾಯಪೀಠ, ಎಲ್ಲರೂ ಒಂದೇ ಕೋಟು ಸರದಿಯಲ್ಲಿ ಹಾಕಿಕೊಳ್ಳುವುದು, ವಾದ ಐದು ನಿಮಿಷ, ಅದರಲ್ಲಿ ಮೂರು ನಿಮಿಷ ಹಳೆ ಬ್ಯಾಚಿನವರ ಕಾಪಿ ಓದುವುದು. ಹೀಗೆ ಮೂರು ಸಲ ಮಾಡಿದರೆ ಮಾರ್ಕ್ಸ್.

ಆದರೆ ಅದೇ ಪೇಪರಿನ ಇನ್ನೊಂದು ಭಾಗ ಇದೆಯಲ್ಲ, ಕೋರ್ಟಿಗೆ ಹೋಗಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ರೆಕಾರ್ಡ್ ಬರೆಯುವುದು, ನನ್ನ ಮಟ್ಟಿಗೆ ಇಡೀ ಎಲ್‌ಎಲ್‌ಬಿ ಇದ್ದದ್ದು ಅಲ್ಲೇ. ಕಾಲೇಜಿನಿಂದ ಕೋರ್ಟಿಗೆ ನಡೆದು ಹತ್ತು ನಿಮಿಷ. ನಾನು ನೋಡಿದ್ದು ಒಂದು ಪಾಲು ವಿಭಾಗದ ದಾವೆ. ಸಾಕ್ಷಿ ಕಟಕಟೆಯಲ್ಲಿ ಎಪ್ಪತ್ತರ ಅಜ್ಜಿ, ಪ್ರತಿವಾದಿ ಪರ ವಕೀಲರು ಪಾಟಿ ಸವಾಲಿನಲ್ಲಿ ‘ಹೊಲದ ಚೆಕ್ಕುಬಂದಿ ಹೇಳಿ ಅಮ್ಮಾ’ ಅಂದರು. ಅಜ್ಜಿಗೆ ಸರ್ವೆ ನಂಬರ್ ಬಾಯಿಗೆ ಬರಲಿಲ್ಲ. ಆದರೆ ಕಣ್ಣು ಮುಚ್ಚಿ, ಕೈಯನ್ನೇ ದಿಕ್ಕಿಗೊಂದರಂತೆ ತಿರುಗಿಸುತ್ತಾ, ಮೂಡಲಿಗೆ ಹಳ್ಳ, ಪಡುವಲಿಗೆ ಮೈದುನನ ಹೊಲ, ಬಡಗಲಿಗೆ ಗಾಡಿದಾರಿ, ತೆಂಕಲಿಗೆ ಸ್ಮಶಾನ ಅಂತ ಹೇಳಿ ಮುಗಿಸಿದಳು. ವಕೀಲರು ಸ್ವಲ್ಪ ಹೊತ್ತು ಸುಮ್ಮನಾದರು, ಆಮೇಲೆ ‘ನೀವು ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ’ ಅಂತ ಕೊನೆಯ ಪ್ರಶ್ನೆ ಹಾಕಿದರು, ಅಜ್ಜಿ ಇಲ್ಲ ಅಂದಳು. ಟೈಪಿಸ್ಟ್ ಹೊಡೆದರು: ‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಪಾಟಿ ಸವಾಲು ಮುಗಿಯುವುದೇ ಹೀಗೆ ಅಂತ ಆಗ ಗೊತ್ತಾಯಿತು. ಆಮೇಲೆ ಕ್ಲಾಸಿನಲ್ಲಿ ಅದೇ ಚಾಳಿ ಆಯಿತು, ‘ನೀನು ಅಸೈನ್‌ಮೆಂಟ್ ಬರೆದಿಲ್ಲ ಅಲ್ವಾ?’ ಅಂದರೆ ‘ಎಂದರೆ ಸರಿಯಲ್ಲ’ ಅನ್ನುವುದು.

ಎರಡು ವಿಚಾರಣೆ ಸಾಕಿತ್ತು, ನಾನು ಮಾತ್ರ ಕ್ಲಾಸ್ ಇಲ್ಲದ ದಿನವೆಲ್ಲ ಅಲ್ಲೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಯಾರೂ ಎಬ್ಬಿಸಲಿಲ್ಲ. ಕೋರ್ಟು ಫ್ರೀ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ, ಹೈಕೋರ್ಟು ಬೆಂಗಳೂರಾಗಲಿ ಧಾರವಾಡವಾಗಲಿ ಕಲಬುರಗಿಯಾಗಲಿ ಇಂಗ್ಲಿಷ್. ಹಾಗಾಗಿ ಎರಡೂ ಬೇಕು. ಸಿವಿಲ್ ಜಡ್ಜ್ ಪರೀಕ್ಷೆಯಲ್ಲೂ ಅನುವಾದದ ಪೇಪರೇ ಒಂದಿದೆ. ಬರೀ ಇಂಗ್ಲಿಷ್ ಬಲ್ಲವರು ಒದ್ದಾಡುವುದು ಅಲ್ಲಿ.

ಪಾಸಾದ ಮೇಲಿನ ಖರ್ಚನ್ನೂ ಹೇಳಿಬಿಡುತ್ತೇನೆ. ಮೊದಲು ವಕೀಲರಾಗಿ ಹೆಸರು ನೋಂದಾಯಿಸಲು ರಾಜ್ಯದ ಬಾರ್ ಕೌನ್ಸಿಲ್‌ಗಳು ಹತ್ತಾರು ಸಾವಿರ ಕೇಳುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, 1961ರ ವಕೀಲರ ಕಾಯ್ದೆಯಲ್ಲಿ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ ಅಂದಿತು: 750 ರೂಪಾಯಿ, ಎಸ್‌ಸಿ ಎಸ್‌ಟಿಯವರಿಗೆ 125. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ, ಅದನ್ನು ಕನ್ನಡದಲ್ಲೂ ಬರೆಯಬಹುದು, ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಳಗೆ ಒಯ್ಯಬಹುದು. ಪೆನ್ಸಿಲ್‌ನಲ್ಲಿ ನಂಬರ್ ಬರೆದದ್ದು ನಡೆಯುವುದಿಲ್ಲ, ನೋಡಿಕೊಳ್ಳಿ. ನಿಜವಾದ ಕಷ್ಟ ಶುರುವಾಗುವುದು ಸೀನಿಯರ್ ಆಫೀಸಿನಲ್ಲಿ, ಮೊದಲ ವರ್ಷ ಕೈಗೆ ಸಿಗುವುದು ಬಸ್ ಚಾರ್ಜು ಮತ್ತು ಟೀ. ಕಾಲೇಜಿನ ಫೀಸು ಕಡಿಮೆ ಅಂತ ಸೇರುವವರು ಆ ಮೊದಲ ವರ್ಷಕ್ಕೂ ದುಡ್ಡು ಎತ್ತಿಟ್ಟುಕೊಂಡಿರಿ.

ಮನೆ ಹತ್ತಿರ ಸರ್ಕಾರಿ ಕಾಲೇಜು ಸಿಕ್ಕರೆ ಸೇರಿ. ಕಾಲೇಜು ಕಟ್ಟಡ ನೋಡುವ ಮುಂಚೆ ಅಲ್ಲಿಂದ ಕೋರ್ಟು ಎಷ್ಟು ದೂರ ಅಂತ ನೋಡಿ. ಡ್ರಾಫ್ಟಿಂಗ್ ಪೇಪರಿಗೆ 15 ದಾವೆ ಅರ್ಜಿ, ಕ್ರಯಪತ್ರದಂಥ 15 ದಸ್ತಾವೇಜು ಕೈಯಲ್ಲೇ ಬರೆಯಬೇಕು. ನನ್ನ ರೆಕಾರ್ಡ್ ಬುಕ್ ಈಗ ಜೂನಿಯರ್‌ಗಳ ಕೈಯಲ್ಲಿ ತಿರುಗುತ್ತಿದೆಯಂತೆ. ಕಾಪಿ ಹೊಡೆಯುವವರು ಹೊಡೆಯಿರಿ, ಆದರೆ ಕ್ರಯಪತ್ರದಲ್ಲಿ ನಾನು ಮೂಡಲು ಪಡುವಲು ಅದಲು ಬದಲು ಮಾಡಿದ್ದೇನೆ, ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ಅದೊಂದನ್ನು ಸರಿ ಮಾಡಿಕೊಳ್ಳಿ.