ಚೈನ್ ಬದಲಿಸಿದ ಮೇಲೆ ಹಿಂದಿನ ಆಕ್ಸಲ್ ನೋಡದೆ ಗಾಡಿ ಹತ್ತಬೇಡಿ

ಬೈಕಿಗೆ ಹೊಸ ಚೈನ್, ಅದು ಕೂರುವ ಹಲ್ಲುಚಕ್ರ ಅಂದರೆ ಸ್ಪ್ರಾಕೆಟ್ ಹಾಕಿಸಿದ್ದೀರಾ? ಸ್ಟಾರ್ಟ್ ಮಾಡುವ ಮುಂಚೆ ಒಂದು ಸಲ ಬಗ್ಗಿ ಹಿಂದಿನ ಚಕ್ರದ ಆಕ್ಸಲ್, ಅಂದರೆ ಚಕ್ರದ ನಡುವೆ ತೂರಿರುವ ಸರಳಿನ ತುದಿ ನೋಡಿ. ನಟ್ ಇದೆಯಾ ಅಂತ ನೋಡಿದರೆ ಸಾಲದು. ಆ ನಟ್ ಬಿಚ್ಚಿಕೊಳ್ಳದ ಹಾಗೆ ತಡೆಯುವ ಸ್ಪ್ಲಿಟ್ ಪಿನ್ (ಆಕ್ಸಲ್ ತುದಿಯ ತೂತಿನಲ್ಲಿ ತೂರಿಸಿ ಎರಡು ಕಾಲು ಮಡಚುವ ಪಿನ್) ಇದೆಯಾ ನೋಡಿ. ನನ್ನ ಗಾಡಿಗೆ ಅದನ್ನು ಹಾಕಿಯೇ ಇರಲಿಲ್ಲ. ನಟ್ಟನ್ನೂ ಸರಿಯಾಗಿ ಬಿಗಿ ಮಾಡಿರಲಿಲ್ಲ. ಇವತ್ತು ಕೂತು ಇದನ್ನು ಬರೆಯುತ್ತಿರುವುದು ನನ್ನ ಅದೃಷ್ಟ.

ಕೆಲಸ ಮುಗಿಸಿ ಕೊಟ್ಟ ಗಾಡಿ ಚೆನ್ನಾಗೇ ಓಡುತ್ತಿತ್ತು. ಸದ್ದಿಲ್ಲ, ಜರ್ಕ್ ಇಲ್ಲ. ಮೋಸ ಹೋಗುವುದೇ ಇಲ್ಲಿ. ಆಕ್ಸಲ್ ನಟ್ ಸಡಿಲ ಇದ್ದರೂ ಚಕ್ರ ತಕ್ಷಣ ಕಳಚಿ ಬೀಳುವುದಿಲ್ಲ. ಗಾಡಿಯ ಭಾರ ಆಕ್ಸಲ್ ಮೇಲಿರುತ್ತದೆ. ಚೈನ್ ಅದನ್ನು ಮುಂದಕ್ಕೆ ಎಳೆಯುತ್ತಿರುತ್ತದೆ, ಚೈನ್ ಬಿಗಿ-ಸಡಿಲ ಹೊಂದಿಸುವ ಎರಡೂ ಬದಿಯ ಅಡ್ಜಸ್ಟರ್ ತಡೆದು ನಿಲ್ಲಿಸುತ್ತವೆ. ಹಾಗಾಗಿ ಮೊದಮೊದಲು ಎಲ್ಲ ಸರಿಯಿದೆ ಅನ್ನಿಸುತ್ತದೆ. ನಟ್ ಮಾತ್ರ ಒಳಗೊಳಗೇ ಸುತ್ತು ಬಿಡುತ್ತಿರುತ್ತದೆ.

ಆಮೇಲೆ ಸಣ್ಣ ಸುಳಿವುಗಳು ಬಂದವು. ಆಕ್ಸಿಲರೇಟರ್ ಬಿಟ್ಟು ಮತ್ತೆ ತಿರುಗಿಸಿದಾಗ ಹಿಂದಿನಿಂದ ಟಕ್ ಅನ್ನುವ ಸದ್ದು. ಹೊಸ ಚೈನ್ ಅಲ್ವಾ, ಕೂತುಕೊಳ್ಳುವವರೆಗೆ ಹೀಗೇ ಇರುತ್ತದೆ ಅಂದರು ಕೆಲಸ ಮಾಡಿದವರು. ನಂತರ ತಿರುವಿನಲ್ಲಿ ಹಿಂಭಾಗ ಬಾಲ ಆಡಿಸಿದ ಹಾಗೆ ಒಂದು ಓಲಾಟ. ಹಿಂದೆ ಇನ್ನೊಂದು ಬೈಕಿನಲ್ಲಿ ಬರುತ್ತಿದ್ದ ತಮ್ಮ ಹಾರ್ನ್ ಹೊಡೆಯುತ್ತಲೇ ಪಕ್ಕಕ್ಕೆ ಬಂದ. "ಅಣ್ಣಾ, ನಿಲ್ಸು ನಿಲ್ಸು, ಹಿಂದಿನ ಚಕ್ರ ಆಡ್ತಿದೆ!" ನಿಲ್ಲಿಸಿ ನೋಡಿದರೆ ನಟ್ ಆಕ್ಸಲ್‌ನ ಕೊನೆಯ ಥ್ರೆಡ್‌ಗಳಲ್ಲಿ ನೇತಾಡುತ್ತಿತ್ತು. ನಟ್‌ಗೂ ಹಿಂದಿನ ಚಕ್ರ ಹಿಡಿದಿರುವ ತೋಳು ಅಂದರೆ ಸ್ವಿಂಗ್ ಆರ್ಮ್‌ಗೂ ನಡುವೆ ಬೆರಳು ತೂರುವಷ್ಟು ಜಾಗ. ಒಂದು ಬದಿಯ ಅಡ್ಜಸ್ಟರ್ ಸೊಟ್ಟಗಾಗಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಚಕ್ರ ಅಡ್ಡಕ್ಕೆ ಬರುತ್ತಿತ್ತು.

ಆ ನಟ್ ಬಿದ್ದಿದ್ದರೆ? ಆಕ್ಸಲ್ ಒಂದು ಕಡೆಗೆ ಜಾರುತ್ತಿತ್ತು. ಚಕ್ರ ಓರೆಯಾದ ಕೂಡಲೇ ಚೈನ್ ಸ್ಪ್ರಾಕೆಟ್‌ನಿಂದ ಹಾರುತ್ತದೆ. ಹಾರಿದ ಚೈನ್ ಸಿಕ್ಕಿಕೊಂಡರೆ ಹಿಂದಿನ ಚಕ್ರ ಓಡುವಾಗಲೇ ಲಾಕ್ ಆಗುತ್ತದೆ, ಇಲ್ಲವೇ ಮುಂದಿನ ಸ್ಪ್ರಾಕೆಟ್ ಹತ್ತಿರ ಮುದ್ದೆಯಾಗಿ ಇಂಜಿನ್ ಕೇಸ್ ಒಡೆಯುತ್ತದೆ. ಹಿಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಗಳಲ್ಲಿ ಡಿಸ್ಕ್ ಒತ್ತಿ ಹಿಡಿಯುವ ಕ್ಯಾಲಿಪರ್ ಕೂರುವ ಬ್ರಾಕೆಟ್‌ಗೂ ಸಾಮಾನ್ಯವಾಗಿ ಇದೇ ಆಕ್ಸಲ್ ಆಧಾರ. ಅಂದರೆ ಚಕ್ರದ ಜೊತೆಗೆ ಬ್ರೇಕ್ ಕೂಡ ಕೈಕೊಡುತ್ತದೆ.

ಕೇಳಿದಾಗ ವರ್ಕ್‌ಶಾಪಿನವರು ಕೊಟ್ಟ ಉತ್ತರ, "ಪಿನ್ ಹಾಕಿದ್ವಿ, ದಾರಿಯಲ್ಲಿ ಉದುರಿರಬೇಕು." ನಾನು ಒಪ್ಪಲಿಲ್ಲ. ಕಾಲು ಮಡಚಿದ ಸ್ಪ್ಲಿಟ್ ಪಿನ್ ಸುಮ್ನೆ ಉದುರುವುದಿಲ್ಲ. ತುಂಡಾದರೂ ಅದರ ಚೂರು ತೂತಿನಲ್ಲಿ ಉಳಿಯುತ್ತದೆ. ನನ್ನ ಆಕ್ಸಲ್‌ನ ತೂತಿನಲ್ಲಿ ಇದ್ದದ್ದು ಹೊಸದಾಗಿ ಸವರಿದ ಗ್ರೀಸ್, ಮುಚ್ಚಳ ಹಾಕಿದಷ್ಟು ನೀಟಾಗಿ. ಪಿನ್ ಒಳಗೆ ಹೋಗಿದ್ದರೆ ಆ ಗ್ರೀಸ್ ಹಾಗೆ ಉಳಿಯುತ್ತಿರಲಿಲ್ಲ.

ಚೈನ್ ಕೆಲಸದಲ್ಲೇ ಈ ತಪ್ಪು ಆಗುವುದಕ್ಕೆ ಕಾರಣ ಇದೆ. ಚೈನ್ ಎಷ್ಟು ಸಡಿಲ ಇರಬೇಕು ಅಂತ ಹೊಂದಿಸಬೇಕಾದರೆ ಆಕ್ಸಲ್ ನಟ್ ಪೂರ್ತಿ ಬಿಗಿ ಇರಬಾರದು. ಅದಕ್ಕೇ ಮೆಕ್ಯಾನಿಕ್ ಅದನ್ನು ಅರೆಬರೆ ಬಿಗಿ ಮಾಡಿ ಇಟ್ಟಿರುತ್ತಾರೆ. ಅಡ್ಜಸ್ಟರ್ ತಿರುಗಿಸಿ, ಎರಡೂ ಬದಿಯ ಗೆರೆ ಸಮ ಮಾಡಿ, ಚಕ್ರ ಸುತ್ತಿಸಿ ನೋಡಿ, ಕೊನೆಗೆ ನಟ್ ಬಿಗಿ ಮಾಡಬೇಕು. ಅದಕ್ಕೂ ಆಮೇಲೆ ಪಿನ್. ಆ ಹೊತ್ತಿಗೆ ಕಣ್ಣಿಗೆ ಕೆಲಸ ಮುಗಿದಂತೆಯೇ ಕಾಣುತ್ತದೆ. ಒಂದು ಫೋನ್ ಬಂತು, ಇನ್ಯಾರೋ ಕರೆದರು ಅಂದರೆ ಮುಗಿಯಿತು, ಮರೆತೇ ಹೋಗುತ್ತದೆ. ಪಂಚರ್‌ಗೋ ಟೈರ್ ಬದಲಿಸುವುದಕ್ಕೋ ಹಿಂದಿನ ಚಕ್ರ ಬಿಚ್ಚಿದಾಗಲೂ ಇದೇ ಕಥೆ.

ಇನ್ನು ಬಿಗಿ ಅಂದರೆ ಎಷ್ಟು ಬಿಗಿ? ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ದೊಡ್ಡ ಬೈಕುಗಳಲ್ಲಿ ಇದು 100ರ ಆಸುಪಾಸು ಇರುವುದುಂಟು, ಸಣ್ಣವಕ್ಕೆ ಅದಕ್ಕಿಂತ ಕಡಿಮೆ. 100 ನ್ಯೂಟನ್ ಮೀಟರ್ ಬರಬೇಕಾದರೆ 25 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಸುಮಾರು 40 ಕೆಜಿ ಭಾರದಷ್ಟು ಬಲ ಬೇಕು. ಗಾಡಿಯ ಜೊತೆ ಕೊಡುವ ಗಿಡ್ಡ ಸ್ಪ್ಯಾನರ್‌ನಿಂದ ಅಷ್ಟು ಬಲ ಬೀಳುವುದು ಕಷ್ಟ. ಹಾಗಂತ ಪೈಪ್ ತೂರಿಸಿ, ಮೇಲೆ ನಿಂತು ಬಿಗಿ ಮಾಡುವುದೂ ಬೇಡ. ಜಾಸ್ತಿಯಾದರೆ ಥ್ರೆಡ್ ಹಾಳಾಗುತ್ತದೆ. ಎಷ್ಟು ಬಿಗಿಯಾಯಿತು ಅಂತ ಅಳೆದು ಹೇಳುವ ಟಾರ್ಕ್ ರೆಂಚ್ ಇರುವ ಕಡೆ ಮಾತ್ರ ಈ ಕೆಲಸ ಮಾಡಿಸಿ. ಈ ವಿಷಯದಲ್ಲಿ ನಾನು ಹಠ ಹಿಡಿಯುತ್ತೇನೆ, ನೀವೂ ಹಿಡಿಯಿರಿ.

ಬಿಗಿತ ಯಾಕೆ ಮುಖ್ಯ ಅಂದರೆ, ಆಕ್ಸಲ್ ಬರೀ ಚಕ್ರ ತೂಗುಹಾಕುವ ಸರಳು ಅಲ್ಲ. ನಟ್ ಬಿಗಿಯಾದಾಗ ಸ್ವಿಂಗ್ ಆರ್ಮ್, ನಡುವಿನ ಅಂತರ ಕಾಯುವ ಸ್ಪೇಸರ್, ಬೇರಿಂಗ್‌ಗಳ ಒಳಬಳೆ ಎಲ್ಲವೂ ಒತ್ತಿ ಒಂದೇ ತುಂಡಿನಂತೆ ನಿಲ್ಲುತ್ತವೆ. ಒಳಬಳೆ ನಿಲ್ಲಬೇಕು, ಹೊರಬಳೆ ಚಕ್ರದ ಜೊತೆ ತಿರುಗಬೇಕು. ಒತ್ತಡ ಹೋದರೆ ಒಳಬಳೆಯೂ ಆಕ್ಸಲ್ ಮೇಲೆ ತಿರುಗಲು ಶುರು ಮಾಡುತ್ತದೆ. ಆಕ್ಸಲ್ ಸವೆಯುತ್ತದೆ, ಅದರ ಅದುರಾಟಕ್ಕೆ ನಟ್ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಜೋಡಿಸುವಾಗ ಒಂದು ಸ್ಪೇಸರ್ ಬಿಟ್ಟುಹೋದರೂ, ಅದಲುಬದಲಾದರೂ ಇದೇ ಗತಿ. ನಟ್ ಎಷ್ಟೇ ಬಿಗಿ ಇದ್ದರೂ ಒತ್ತಬೇಕಾದ ಕಡೆ ಒತ್ತಿರುವುದಿಲ್ಲ.

ಪಿನ್ ವಿಷಯಕ್ಕೆ ಬರೋಣ. ಸುತ್ತ ಕಚ್ಚು ಇರುವ ಕ್ಯಾಸಲ್ ನಟ್ ಆದರೆ ಪಿನ್ ಇರಲೇಬೇಕು. ಹಳೇ ಪಿನ್ ನೆಟ್ಟಗೆ ಮಾಡಿ ಮತ್ತೆ ಹಾಕಲು ಬಿಡಬೇಡಿ. ಮಡಚಿ ಬಿಚ್ಚಿದ ಜಾಗದಲ್ಲಿ ಅದು ಸೋತಿರುತ್ತದೆ. ತೂತಿಗೆ ಸರಿಯಾಗಿ ಕೂರುವ ದಪ್ಪದ ಹೊಸ ಪಿನ್ ಹಾಕಿ ಕಾಲುಗಳನ್ನು ಪೂರ್ತಿ ಮಡಚಬೇಕು. ತಂತಿ ಚೂರು, ಮೊಳೆ ಇವೆಲ್ಲ ಪಿನ್ ಅಲ್ಲ. ಹೇಳಿದಷ್ಟು ಬಿಗಿ ಮಾಡಿದ ಮೇಲೆ ಕಚ್ಚು ತೂತಿಗೆ ಸರಿಹೊಂದದಿದ್ದರೆ, ಮುಂದಿನ ಕಚ್ಚು ಸಿಗುವವರೆಗೆ ಇನ್ನೊಂಚೂರು ಬಿಗಿ ಮಾಡುತ್ತಾರೆ. ಪಿನ್ ಕೂರಲಿ ಅಂತ ಹಿಂದಕ್ಕೆ ತಿರುಗಿಸಿದರೆ ಬಿಗಿತವೇ ಹೋಗುತ್ತದೆ.

ಹೊಸ ಗಾಡಿಗಳು ಎಷ್ಟೋ ಪಿನ್ ಇಲ್ಲದೆ ಬರುತ್ತವೆ. ಅವುಗಳಲ್ಲಿ ನಟ್‌ನ ಹೊರತುದಿಯಲ್ಲಿ ನೈಲಾನ್ ಬಳೆ ಇರಬಹುದು. ಆ ಬಳೆ ಥ್ರೆಡ್ ಕಚ್ಚಿ ಹಿಡಿಯುವುದೇ ಲಾಕ್. ಬರಿ ಬೆರಳಿನಲ್ಲಿ ನಟ್ ಕೊನೆವರೆಗೂ ಸಲೀಸಾಗಿ ತಿರುಗಿದರೆ ಅದರ ಹಿಡಿತ ಹೋಗಿದೆ ಅಂತಲೇ ಅರ್ಥ. ಬದಲಿಸಿ. ಬಿಗಿ ಮಾಡಿದ ಮೇಲೆ ಆಕ್ಸಲ್ ತುದಿ ಆ ಬಳೆಯನ್ನು ದಾಟಿ ಆಚೆ ಬಂದಿರಬೇಕು.

ಡ್ರಮ್ ಬ್ರೇಕ್ ಇರುವವರು ಇನ್ನೊಂದು ಜಾಗ ನೋಡಿ. ಬ್ರೇಕ್ ಪ್ಲೇಟ್ ತಿರುಗದಂತೆ ಹಿಡಿಯುವ ಒಂದು ಪಟ್ಟಿ ಎಷ್ಟೋ ಗಾಡಿಗಳಲ್ಲಿ ಸ್ವಿಂಗ್ ಆರ್ಮ್‌ಗೆ ಸೇರಿರುತ್ತದೆ. ಚಕ್ರ ತೆಗೆಯುವಾಗ ಅದರ ಬೋಲ್ಟನ್ನೂ ಬಿಚ್ಚುತ್ತಾರೆ. ಅದು ಕಳಚಿದರೆ ಬ್ರೇಕ್ ಒತ್ತಿದಾಗ ಪ್ಲೇಟ್ ಚಕ್ರದ ಜೊತೆ ಸುತ್ತಿ ಚಕ್ರ ಲಾಕ್ ಆಗಬಹುದು.

ಮನೆಯಲ್ಲೇ ಮಾಡುವವರಿಗೆ ಒಂದು ಮಾತು. ನಟ್ ಬಿಗಿ ಮಾಡಿದ ಮೇಲೆ ಚೈನ್‌ನ ಸಡಿಲವನ್ನು ಮತ್ತೆ ಅಳೆಯಿರಿ. ಬಿಗಿ ಮಾಡುವಾಗ ಆಕ್ಸಲ್ ಚೂರು ಜರುಗಿರುತ್ತದೆ. ಚಕ್ರ ಸುತ್ತುವುದೇನಿದ್ದರೂ ಕೈಯಲ್ಲಿ. ಇಂಜಿನ್ ಓಡಿಸಿ ಚೈನ್ ಹತ್ತಿರ ಕೈ ತರಬೇಡಿ, ಚೈನ್‌ಗೂ ಸ್ಪ್ರಾಕೆಟ್‌ಗೂ ನಡುವೆ ಬೆರಳು ಸಿಕ್ಕರೆ ಉಳಿಯುವುದಿಲ್ಲ.

ಎಲ್ಲ ಮುಗಿದ ಮೇಲೆ ನಟ್ ಮತ್ತು ಆಕ್ಸಲ್ ತುದಿ ಎರಡನ್ನೂ ದಾಟುವ ಹಾಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಬಿಡಿ. ನಟ್ ಸ್ವಲ್ಪ ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ನಾನು ಈಗ ಗಾಡಿ ತೆಗೆಯುವ ಮುಂಚೆ ಆ ಗೆರೆ ನೋಡುತ್ತೇನೆ, ಕ್ಷಣದ ಕೆಲಸ. ಹೊಸ ಚೈನ್ ಶುರುವಿನಲ್ಲಿ ಬೇಗ ಸಡಿಲವಾಗುತ್ತದೆ, ಮತ್ತೆ ಅಡ್ಜಸ್ಟ್ ಮಾಡಿಸಲು ಹೋಗುತ್ತೀರಿ. ಆಗ ಆಕ್ಸಲ್ ನಟ್ ಮತ್ತೆ ಬಿಚ್ಚುತ್ತಾರೆ. ಅಂದರೆ ಪಿನ್ನೂ ಮತ್ತೆ ಹೊಸದು ಬೇಕು, ಗೆರೆಯೂ ಹೊಸದು.

ದಾರಿಯಲ್ಲಿ ನಟ್ ಸಡಿಲವಾಗಿರುವುದು ಕಂಡರೆ ಕೈಯಲ್ಲಿ ತಿರುಗಿಸಿ ನಿಧಾನಕ್ಕೆ ಮನೆ ಸೇರಿಕೊಳ್ಳೋಣ ಅಂತ ಹೊರಡಬೇಡಿ. ಗಾಡಿ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ, ಇಲ್ಲವೇ ಬೇರೆ ವಾಹನದ ಮೇಲೆ ಹೇರಿಸಿ. ಸುಮ್ನೆ ನಟ್ ಬಿಗಿ ಮಾಡಿಸಿಕೊಂಡು ಬಿಡಬೇಡಿ. ಆಕ್ಸಲ್ ಪೂರ್ತಿ ಹೊರತೆಗೆಸಿ ಥ್ರೆಡ್, ಬೇರಿಂಗ್, ಅಡ್ಜಸ್ಟರ್, ಸ್ವಿಂಗ್ ಆರ್ಮ್‌ನ ತೂತು ಎಲ್ಲ ನೋಡಿಸಿ. ನನ್ನದರಲ್ಲಿ ಆಕ್ಸಲ್, ನಟ್, ಒಂದು ಅಡ್ಜಸ್ಟರ್ ಮೂರನ್ನೂ ಹೊಸದು ಹಾಕಬೇಕಾಯಿತು. ಹೊಸ ಸ್ಪ್ರಾಕೆಟ್‌ನ ಹಲ್ಲುಗಳು ಆಗಲೇ ಒಂದೇ ಬದಿಗೆ ಸವೆದಿದ್ದವು, ಅದೂ ಹೋಯಿತು.