ನಾಯಿ ತರಬೇತುದಾರರ ಕೋರ್ಸ್: 24 ವಾರಗಳಲ್ಲಿ ಕೈಗೆ ಬಂದದ್ದು, ಬಾರದೆ ಉಳಿದದ್ದು

ನಾಯಿಗಳ ತರಬೇತಿಯನ್ನೇ ಜೀವನೋಪಾಯವಾಗಿ ಕೈಗೊಳ್ಳಬೇಕೆಂದು ನಿರ್ಧರಿಸಿದ ಮೇಲೆ ನಾನು ಸೇರಿಕೊಂಡದ್ದು 24 ವಾರಗಳ ಒಂದು ಕೋರ್ಸಿಗೆ. ಪಾಠಗಳು ಆನ್‌ಲೈನಿನಲ್ಲಿ ನಡೆದವು. ಅಭ್ಯಾಸ ವಾರಾಂತ್ಯಗಳಲ್ಲಿ ಸಂಸ್ಥೆಯ ಅಂಗಳದಲ್ಲಿ. ಈ ವಿಮರ್ಶೆಯಲ್ಲಿ ಮೆಚ್ಚುಗೆಯ ಜೊತೆಗೆ ದೂರೂ ಇರುವುದರಿಂದ ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಬಹಳಷ್ಟು ದೇಶಗಳಲ್ಲಿ ನಾಯಿ ತರಬೇತುದಾರರೆಂದು ಕರೆಸಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ, ಆದ್ದರಿಂದ ಯಾವ ಕೋರ್ಸು ಒಳ್ಳೆಯದೆಂದು ತೂಗಿ ನೋಡುವ ಹೊಣೆಯೆಲ್ಲ ಸೇರುವವರ ಮೇಲೆಯೇ ಬೀಳುತ್ತದೆ. ನಾನು ಸೇರುವಾಗ ಪಠ್ಯಕ್ರಮದ ಉದ್ದವನ್ನು ನೋಡಿದೆ. ನೋಡಬೇಕಾಗಿದ್ದುದು, ನನ್ನ ಕೈಯಲ್ಲಿ ಬಾರು ಎಷ್ಟು ಹೊತ್ತು ಇರುತ್ತದೆ ಮತ್ತು ಆ ಹೊತ್ತಿನಲ್ಲಿ ನನ್ನನ್ನು ಗಮನಿಸಿ ತಿದ್ದುವವರು ಯಾರು ಎಂಬುದನ್ನು.

ಮೊದಲ ನಾಲ್ಕು ವಾರ ನಮಗೆ ನಾಯಿಯನ್ನೇ ಕೊಡಲಿಲ್ಲ. ಆಗ ಇದರಿಂದ ನಿರಾಸೆಯಾಗಿತ್ತು. ಈಗ ಕೋರ್ಸಿನ ಅತ್ಯುತ್ತಮ ಭಾಗ ಅದೇ ಎನ್ನಿಸುತ್ತದೆ. ಒಬ್ಬರು ಚೆಂಡನ್ನು ಕೈಬಿಡಬೇಕು, ಅದು ನೆಲಕ್ಕೆ ತಾಗಿದ ಕ್ಷಣದಲ್ಲೇ ಇನ್ನೊಬ್ಬರು ಕ್ಲಿಕ್ಕರ್ ಒತ್ತಬೇಕು. ಕ್ಲಿಕ್ಕರ್ ಎಂದರೆ ಒತ್ತಿದಾಗ ‘ಕ್ಲಿಕ್’ ಎನ್ನುವ ಪುಟ್ಟ ಸಾಧನ; ಈಗ ಮಾಡಿದ್ದು ಸರಿ, ತಿನಿಸು ಬರುತ್ತದೆ ಎಂದು ಆ ಶಬ್ದ ನಾಯಿಗೆ ತಿಳಿಸುತ್ತದೆ. ಆಮೇಲೆ ಮೇಜಿನ ಮೇಲಿಟ್ಟ ಬಟ್ಟಲಿಗೆ, ಪ್ರತಿ ಕ್ಲಿಕ್ಕಿನ ನಂತರ ಒಂದೊಂದರಂತೆ, ಚೆಲ್ಲದೆ ತಿನಿಸಿನ ಚೂರು ಹಾಕಬೇಕು. ಇದೆಲ್ಲವನ್ನೂ ಫೋನಿನಲ್ಲಿ ಚಿತ್ರೀಕರಿಸಿ ನಿಧಾನಗತಿಯಲ್ಲಿ ತೋರಿಸಿದಾಗ, ನನ್ನ ಎಡಗೈ ಕ್ಲಿಕ್ಕಿಗಿಂತ ಮೊದಲೇ ತಿನಿಸಿನ ಚೀಲದತ್ತ ಸರಿಯುತ್ತಿದ್ದುದು ಸ್ಪಷ್ಟವಾಗಿ ಕಂಡಿತು. ಹಾಗಾದರೆ ನಾಯಿ ಶಬ್ದವನ್ನು ಬಿಟ್ಟು ಕೈಯನ್ನೇ ನೋಡುವುದನ್ನು ಕಲಿಯುತ್ತದೆ, ಕ್ಲಿಕ್ಕಿಗೆ ಅರ್ಥವೇ ಉಳಿಯುವುದಿಲ್ಲ. ಕ್ಲಿಕ್ ಒಂದು ಗಳಿಗೆ ತಡವಾದರೂ ಅಷ್ಟೇ: ಕುಳಿತ ನಾಯಿ ಏಳಲು ಹೊರಟಾಗ ಶಬ್ದ ಬಂದರೆ, ಬಹುಮಾನ ಸಂದದ್ದು ಏಳುವುದಕ್ಕೆ. ನಾಯಿ ಹಟಮಾರಿ, ದಡ್ಡ ಎಂದು ಜನ ಹೇಳುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಈ ಅರೆಕ್ಷಣದಲ್ಲಿ ಅಡಗಿರುತ್ತದೆ ಎಂಬುದನ್ನು ನನ್ನದೇ ಕೈಯ ಚಿತ್ರದಲ್ಲಿ ನೋಡಿ ತಿಳಿದುಕೊಂಡೆ. ನಮ್ಮ ಶಿಕ್ಷಕಿ ಒಬ್ಬೊಬ್ಬರ ಹತ್ತಾರು ತುಣುಕುಗಳನ್ನು ತಾಳ್ಮೆಯಿಂದ ನೋಡಿ, ಯಾವ ಬೆರಳು ಎಲ್ಲಿರಬೇಕೆಂಬುದನ್ನೂ ಬರೆದು ಕಳುಹಿಸುತ್ತಿದ್ದರು. ಅವರ ಆ ಶ್ರಮಕ್ಕೆ ನಾನು ಋಣಿ.

ಸಿದ್ಧಾಂತದ ಪಾಠಗಳೂ ಗಟ್ಟಿಯಾಗಿದ್ದವು. ಪಾವ್ಲೋವ್ ನಾಯಿಗಳ ಜೊಲ್ಲಿನ ಮೇಲೆ ನಡೆಸಿದ ಪ್ರಯೋಗಗಳಿಂದ ಮೊದಲುಗೊಂಡು, ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಅವು ಹೊರಬರುವ ದಾರಿ ಕಲಿಯುವುದನ್ನು ಗಮನಿಸಿ 1898ರಲ್ಲಿ ಪ್ರಕಟಿಸಿದ ಥಾರ್ನ್‌ಡೈಕ್, ಬಳಿಕ ವರ್ತನೆಯ ಫಲವು ಆ ವರ್ತನೆಯನ್ನೇ ಹೇಗೆ ಬದಲಿಸುತ್ತದೆಂದು ಪ್ರಯೋಗಗಳಲ್ಲಿ ತೋರಿಸಿದ ಮನೋವಿಜ್ಞಾನಿ ಸ್ಕಿನ್ನರ್, ಅವರ ಪ್ರಯೋಗಾಲಯದಿಂದ ಹೊರಬಂದು 1940ರ ದಶಕದಲ್ಲಿ ಈ ಜ್ಞಾನವನ್ನು ಪ್ರಾಣಿ ತರಬೇತಿಯ ಉದ್ಯಮಕ್ಕೆ ತಂದ ಬ್ರೆಲ್ಯಾಂಡ್ ದಂಪತಿ, ಹೀಗೆ ಒಂದು ವಿಚಾರ ಇನ್ನೊಂದಕ್ಕೆ ಹೇಗೆ ದಾರಿಯಾಯಿತೆಂದು ಕ್ರಮವಾಗಿ ಹೇಳಿಕೊಟ್ಟರು. ನಾಯಿಗೆ ‘ಯಜಮಾನ ಯಾರು’ ಎಂದು ತೋರಿಸಬೇಕೆಂಬ ಹಳೆಯ ನಂಬಿಕೆಯ ಬೇರನ್ನೂ ಬಿಡಿಸಿ ತೋರಿಸಿದರು. ತೋಳಗಳ ಗುಂಪಿನಲ್ಲಿ ಯಜಮಾನಿಕೆಗಾಗಿ ಹೋರಾಟ ನಡೆಯುತ್ತದೆ, ನಾಯಿಯೂ ಹಾಗೆಯೇ ಎಂಬ ಎಣಿಕೆಯೇ ಆ ಬೇರು. ಆದರೆ 1947ರಲ್ಲಿ ಸಂಶೋಧಕ ಶೆಂಕೆಲ್ ವರ್ಣಿಸಿದ್ದು ಸೆರೆಯಲ್ಲಿದ್ದ ತೋಳಗಳನ್ನು. ಕಾಡಿನ ತೋಳಗಳ ಗುಂಪು ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳ ಒಂದು ಕುಟುಂಬ ಎಂಬುದನ್ನು ತೋಳಗಳ ಸಂಶೋಧಕ ಡೇವಿಡ್ ಮೀಚ್ 1999ರ ಲೇಖನದಲ್ಲಿ ವಿವರಿಸಿದ್ದಾರೆ. ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘವು 2021ರ ತನ್ನ ನಿಲುವಿನಲ್ಲಿ ಎಲ್ಲ ಬಗೆಯ ತರಬೇತಿಗೂ ಬಹುಮಾನ ಆಧಾರಿತ ವಿಧಾನವನ್ನೇ ಶಿಫಾರಸು ಮಾಡಿರುವುದನ್ನು ಓದಿಸಿ, ಅದರ ಕಾರಣಗಳನ್ನು ಚರ್ಚೆಗೆ ಬಿಟ್ಟರು. ಕತ್ತು ಬಿಗಿಯುವ ಸರಪಳಿಯನ್ನು ಬಳಸಿಯೇ ಬೆಳೆದಿದ್ದ ನನ್ನ ಸಹಪಾಠಿಯೊಬ್ಬರು ಆ ಚರ್ಚೆಯ ಬಳಿಕ ಅದನ್ನು ಕೈಬಿಟ್ಟರು. ಯಾರೂ ಅವರನ್ನು ನಾಚಿಸಲಿಲ್ಲ ಎಂಬುದು ನನಗೆ ಮುಖ್ಯವೆನಿಸಿತು.

ನಾಯಿಯ ಮೈಭಾಷೆಯ ಪಾಠವನ್ನು ದೃಶ್ಯಗಳ ಶಬ್ದ ಅಡಗಿಸಿ ಕಲಿಸಿದ್ದು ಜಾಣ ಕ್ರಮ. ಬೊಗಳುವ ಸದ್ದಿಲ್ಲದೆ ನೋಡಿದಾಗ, ತುಟಿಯ ಮೇಲೆ ಒಮ್ಮೆ ಸರಿದು ಹೋಗುವ ನಾಲಿಗೆ, ಪಕ್ಕಕ್ಕೆ ತಿರುಗುವ ಮುಖ, ಕಣ್ಣಂಚಿನ ಬಿಳುಪು, ಕ್ಷಣಕಾಲ ಕಲ್ಲಾಗುವ ಮೈ, ಇವೆಲ್ಲ ಗುರುಗುಟ್ಟುವುದಕ್ಕಿಂತ ಎಷ್ಟು ಮೊದಲೇ ಬರುತ್ತವೆ ಎಂದು ತಿಳಿಯುತ್ತದೆ. ಗುರುಗುಟ್ಟಿದ ನಾಯಿಯನ್ನು ಗದರಿಸಿದರೆ ಕಳೆದುಹೋಗುವುದು ಎಚ್ಚರಿಕೆಯೇ ಹೊರತು ಭಯವಲ್ಲ. ಈ ಮಾತನ್ನು ನಾನು ಈಗ ಪ್ರತಿಯೊಂದು ಮನೆಯಲ್ಲೂ ಹೇಳುತ್ತೇನೆ. ಮರಿಗಳ ಬಗೆಗಿನ ಭಾಗ ಚಿಕ್ಕದಾದರೂ ಸಾಕಾಗುವಷ್ಟಿತ್ತು.

ತೊಡಕು ಶುರುವಾದದ್ದು 15ನೆಯ ವಾರದಿಂದ ಈಚೆಗೆ. ಹೆದರುವ, ಮೇಲೆರಗುವ, ಬೇರೆ ನಾಯಿ ಕಂಡರೆ ಬಾರನ್ನು ಜಗ್ಗಿ ಬೊಗಳುವ ನಾಯಿಗಳ ಪಾಠ ಬಂದಾಗ ಅಂಗಳದ ಅಭ್ಯಾಸ ಕಡಿಮೆಯಾಗಿ, ರೆಕಾರ್ಡ್ ಮಾಡಿದ ಉಪನ್ಯಾಸಗಳು ಹೆಚ್ಚಿದವು. ಮೇಲ್ವಿಚಾರಣೆಯಲ್ಲಿ 40 ಗಂಟೆ ಅಭ್ಯಾಸವೆಂದು ಮೊದಲು ತಿಳಿಸಿದ್ದರು. ನನ್ನ ಲೆಕ್ಕದ ಪುಸ್ತಕದಲ್ಲಿರುವುದು 26 ಗಂಟೆ. ಒಂದು ನಾಯಿಗೆ ಆರೇಳು ವಿದ್ಯಾರ್ಥಿಗಳಿರುತ್ತಿದ್ದುದರಿಂದ, ಅದರಲ್ಲಿಯೂ ನನ್ನ ಕೈಯಲ್ಲಿ ಬಾರು ಇದ್ದದ್ದು ಹೆಚ್ಚೆಂದರೆ ಐದು ಗಂಟೆ. ಇನ್ನುಳಿದ ಹೊತ್ತು ಇತರರನ್ನು ನೋಡುತ್ತ ನಿಂತಿದ್ದೆ. ನೋಡುವುದೂ ಕಲಿಕೆಯೇ, ನಿಜ. ಆದರೆ ಹೆದರಿದ ನಾಯಿಯ ಎದುರು ಎಷ್ಟು ಹೆಜ್ಜೆ ಹಿಂದೆ ಸರಿಯಬೇಕು, ಯಾವಾಗ ನಿಲ್ಲಬೇಕು, ಅಂದಿನ ಕೆಲಸವನ್ನು ಯಾವಾಗ ಮುಗಿಸಿಬಿಡಬೇಕು ಎಂಬ ತೀರ್ಮಾನಗಳು ದೂರದಿಂದ ನೋಡಿದವರಿಗೆ ದಕ್ಕುವುದಿಲ್ಲ. ಕಷ್ಟದ ನಾಯಿಗಳ ಹತ್ತಿರ ಹೊಸಬರನ್ನು ಬಿಡುವುದು ಅಪಾಯ ಎಂಬ ಸಂಸ್ಥೆಯ ವಾದ ನನಗೆ ಅರ್ಥವಾಗುತ್ತದೆ. ಆದರೆ ಕೋರ್ಸು ಮುಗಿದ ಮರುವಾರವೇ ಅದೇ ಹೊಸಬರು ಅಂಥ ನಾಯಿಗಳ ಹತ್ತಿರ ಒಬ್ಬರೇ ಹೋಗುತ್ತಾರೆ. ಆ ಅಪಾಯವನ್ನು ಅನುಭವಿಯೊಬ್ಬರು ಪಕ್ಕದಲ್ಲಿರುವಾಗ ಎದುರಿಸಲು ಕಲಿಸುವುದೇ ಶಾಲೆಯ ಕೆಲಸವಲ್ಲವೇ?

ಪ್ರಮಾಣಪತ್ರ ಎಂಬ ಶಬ್ದದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೋರ್ಸನ್ನು ಮುಗಿಸಿದ್ದಕ್ಕೆ ಶಾಲೆ ಕೊಡುವ ಕಾಗದಕ್ಕೂ, ಶಾಲೆಯೊಂದಿಗೆ ಸಂಬಂಧವಿಲ್ಲದ ಸಂಸ್ಥೆ ಪರೀಕ್ಷಿಸಿ ಕೊಡುವ ಮಾನ್ಯತೆಗೂ ನಾವು ಅದೊಂದೇ ಶಬ್ದವನ್ನು ಬಳಸುತ್ತೇವೆ. 2001ರಲ್ಲಿ ಸ್ಥಾಪನೆಯಾದ ಸಿಸಿಪಿಡಿಟಿ (ವೃತ್ತಿಪರ ನಾಯಿ ತರಬೇತುದಾರರಿಗೆ ಮಾನ್ಯತೆ ಕೊಡುವ ಮಂಡಳಿ) ಇಂಥ ಸ್ವತಂತ್ರ ಸಂಸ್ಥೆಗಳಲ್ಲೊಂದು. ತರಬೇತುದಾರರ ಜ್ಞಾನವನ್ನು ಅಳೆಯುವ ಅದರ ಸಿಪಿಡಿಟಿ-ಕೆಎ ಪರೀಕ್ಷೆಗೆ ಕೂರಬೇಕಾದರೆ ಹಿಂದಿನ ಮೂರು ವರ್ಷಗಳೊಳಗೆ ಕನಿಷ್ಠ 300 ಗಂಟೆಗಳ ತರಬೇತಿ ಅನುಭವ ಇರಬೇಕು. ನಮ್ಮ 26 ಗಂಟೆಗಳನ್ನು ಈ 300ರ ಪಕ್ಕದಲ್ಲಿಟ್ಟು ನೋಡಿದರೆ ಕೋರ್ಸು ವೃತ್ತಿಯ ಯಾವ ಹಂತದವರೆಗೆ ಕರೆದೊಯ್ಯುತ್ತದೆ ಎಂಬುದು ತಿಳಿಯುತ್ತದೆ. ನಮಗೆ ಕೊಟ್ಟ ಪರಿಚಯ ಪತ್ರದಲ್ಲಿ ‘ಪ್ರಮಾಣಿತ ತರಬೇತುದಾರ’ ಎಂದು ಹಾಕಿಕೊಳ್ಳಬಹುದೆಂದು ಬರೆದಿತ್ತು. ನಾನು ಹಾಕಿಕೊಂಡಿಲ್ಲ.

ನನ್ನನ್ನು ಹೆಚ್ಚು ಕಾಡಿದ ಕೊರತೆ ಮಾತ್ರ ಇನ್ನೊಂದು. ನನ್ನ ಮೊದಲ ಗ್ರಾಹಕರ ನಾಯಿಗೆ ಮೂರು ವರ್ಷ. ಬೀದಿಯಲ್ಲಿ ಇನ್ನೊಂದು ನಾಯಿ ಕಂಡರೆ ಎರಡು ಕಾಲಿನ ಮೇಲೆ ನಿಂತು ಬೊಗಳುತ್ತಿತ್ತು. ದೂರವನ್ನು ಕಾಯ್ದುಕೊಂಡು, ಇನ್ನೊಂದು ನಾಯಿ ಕಂಡೊಡನೆ ತಿನಿಸು ಕೊಡುತ್ತ ಹೋದಾಗ ಅರ್ಧ ಗಂಟೆಯಲ್ಲಿ ಅದು ನನ್ನ ಮುಖ ನೋಡತೊಡಗಿತು. ಬಾರನ್ನು ಮನೆಯೊಡತಿಗೆ ಕೊಟ್ಟೆ. ದೂರದಲ್ಲಿ ನಾಯಿ ಕಾಣುತ್ತಲೇ ಅವರ ಕೈ ಬಿಗಿಯಾಯಿತು, ಉಸಿರು ನಿಂತಿತು, ಬಾರು ಸೆಟೆಯಿತು, ಎಲ್ಲವೂ ಮೊದಲಿನಂತಾಯಿತು. ‘ಬಾರನ್ನು ಸಡಿಲ ಬಿಡಿ’ ಎಂದು ನಾಲ್ಕು ಸಲ ಹೇಳಿದೆ. ಪ್ರತಿ ಸಲವೂ ಅವರು ಇನ್ನಷ್ಟು ಬಿಗಿಹಿಡಿದರು. ನಾಯಿಗೆ ತುಣುಕು ತುಣುಕಾಗಿ ಕಲಿಸಲು ಗೊತ್ತಿದ್ದ ನನಗೆ ಮನುಷ್ಯರಿಗೆ ಹಾಗೆ ಕಲಿಸಬೇಕೆಂಬುದು ಹೊಳೆದಿರಲಿಲ್ಲ, ಏಕೆಂದರೆ 24 ವಾರಗಳಲ್ಲಿ ಗ್ರಾಹಕರೊಂದಿಗಿನ ಮಾತಿಗೆ ಮೀಸಲಾಗಿದ್ದುದು ಒಂದೇ ಒಂದು ಮಧ್ಯಾಹ್ನ. ಅದರಲ್ಲೂ ಅರ್ಧ ಭಾಗ ಒಪ್ಪಂದ ಪತ್ರ, ವಿಮೆ, ಲಸಿಕೆಯ ದಾಖಲೆಗಳಿಗೆ ಹೋಯಿತು. ಅವೂ ಬೇಕಾದವೇ. ನಾಯಿಯ ನಡತೆ ಇದ್ದಕ್ಕಿದ್ದಂತೆ ಬದಲಾದರೆ ನೋವು ಕಾರಣವಾಗಿರಬಹುದು, ಮೊದಲು ಪಶುವೈದ್ಯರಲ್ಲಿಗೆ ಕಳುಹಿಸಿ ಎಂಬ ಒಳ್ಳೆಯ ಪಾಠವೂ ಅಂದೇ ಸಿಕ್ಕಿತು. ಆದರೆ ವಾರದ ಒಂದು ಗಂಟೆ ಮಾತ್ರ ನಾಯಿ ತರಬೇತುದಾರರ ಬಳಿ ಇರುತ್ತದೆ, ಉಳಿದ ಹೊತ್ತೆಲ್ಲ ಮನೆಯವರ ಬಳಿ. ಅವರ ಕೈಗೆ ಕಲಿಸಲಾಗದಿದ್ದರೆ ನಮ್ಮ ಕೈಚಳಕದಿಂದ ನಾಯಿಗೆ ಏನೂ ಸಿಗದು.

ಅದನ್ನು ನಾನು ಕಲಿತದ್ದು ಕೋರ್ಸಿನ ನಂತರ, ಹದಿನೈದು ವರ್ಷಗಳಿಂದ ಈ ಕೆಲಸದಲ್ಲಿರುವ ಒಬ್ಬರ ಗುಂಪು ತರಗತಿಗಳಲ್ಲಿ ಸಹಾಯಕಿಯಾಗಿ ನಿಂತು. ಅವರು ನಾಯಿಯಿಲ್ಲದೆ ಬರಿಯ ಬಾರನ್ನು ಮನೆಯವರ ಕೈಗೆ ಕೊಟ್ಟು, ತುದಿಯನ್ನು ತಾವು ಹಿಡಿದು, ಸಡಿಲವಾದ ಕ್ಷಣದಲ್ಲೆಲ್ಲ ‘ಇದೇ ಸರಿ’ ಎನ್ನುತ್ತಿದ್ದರು. ಕೋರ್ಸಿನ ಮೊದಲ ವಾರದ ಚೆಂಡಿನ ಅಭ್ಯಾಸವೇ ಇಲ್ಲಿ ಮನುಷ್ಯರಿಗಾಗಿ ತಿರುಗಿ ಬಂದಿತ್ತು.

ಹಾಗಾಗಿ, ಆಶ್ರಯ ಕೇಂದ್ರದಲ್ಲೋ ಅನುಭವಿ ತರಬೇತುದಾರರ ಬಳಿಯೋ ಆಗಲೇ ಕೆಲಸ ಮಾಡುತ್ತಿರುವವರಿಗೆ ಈ ಕೋರ್ಸನ್ನು ಸಂತೋಷದಿಂದ ಸೂಚಿಸುತ್ತೇನೆ; ಅವರ ಕೈ ಮತ್ತು ಕಣ್ಣು ಇಲ್ಲಿ ಹರಿತವಾಗುತ್ತವೆ. ನಾಯಿಗಳ ಒಡನಾಟ ಮನೆಯೊಳಗಿನದಷ್ಟೇ ಆಗಿರುವವರು ಮೊದಲು ಅಂಥ ಜಾಗ ಹುಡುಕಿಕೊಂಡು ನಂತರ ಸೇರುವುದು ಲೇಸು, ಮತ್ತು ಸೇರುವ ಮುನ್ನ ಒಂದು ನಾಯಿಗೆ ಎಷ್ಟು ವಿದ್ಯಾರ್ಥಿಗಳು ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ನನ್ನ ದೂರನ್ನು ಸಂಸ್ಥೆಗೆ ವಿವರವಾಗಿ ಬರೆದೆ. ಮುಂದಿನ ತಂಡದಲ್ಲಿ ಒಂದು ನಾಯಿಗೆ ಮೂವರಿಗಿಂತ ಹೆಚ್ಚು ಜನರನ್ನು ಇರಿಸುವುದಿಲ್ಲವೆಂದು ಉತ್ತರ ಬಂದಿದೆ. ಗ್ರಾಹಕರಿಗೆ ಕಲಿಸುವ ಪಾಠದ ಬಗ್ಗೆ ಅದರಲ್ಲಿ ಮಾತಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಈಗ 140 ಗಂಟೆಗಳಿವೆ.