ದಾಖಲೆಯಿಲ್ಲದ ಹಳೆಯ ಕಾರಿಗೆ ವಿಲ್ಸನ್ ಗಾರ್ಡನ್‌ನ ಒಂದು ಗ್ಯಾರೇಜ್

ಸರ್ವಿಸ್ ದಾಖಲೆಯೇ ಇಲ್ಲದ ಹಳೆಯ ಕಾರನ್ನು ಕಡಿಮೆ ಖರ್ಚಿನಲ್ಲಿ ಸುಸ್ಥಿತಿಗೆ ತರಬೇಕೆನ್ನುವವರಿಗೆ ಬೆಂಗಳೂರಿನ ವಿಲ್ಸನ್ ಗಾರ್ಡನ್‌ನ ಈ ಪುಟ್ಟ ಗ್ಯಾರೇಜನ್ನು ಧೈರ್ಯವಾಗಿ ಸೂಚಿಸುತ್ತೇನೆ. ಮೆಕ್ಯಾನಿಕ್ ಪಾಲಿಶ್, ಎಸಿ ಎಂದು ಖರ್ಚು ಬೆಳೆಸದೆ, ಮೊದಲು ಎಂಜಿನ್ ಆಯಿಲ್, ಫಿಲ್ಟರ್, ಎಂಜಿನ್ ತಂಪಾಗಿಡುವ ಕೂಲಂಟ್ ಮತ್ತು ಬ್ರೇಕ್ ಆಯಿಲ್ ಬದಲಿಸಿದರು. ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುವುದರಿಂದ, ಕಾರು ಕಡಿಮೆ ಓಡಿದ್ದರೂ ಅದನ್ನು ಸುಮಾರು 2 ವರ್ಷಕ್ಕೊಮ್ಮೆ ಬದಲಿಸುವುದೇ ಕ್ಷೇಮ. ಎಂಜಿನ್ನಿನ ಒಳಭಾಗಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟಿನ ಕವರ್ ಬಿಚ್ಚಿ, ಕೂದಲೆಳೆಯಂಥ ಬಿರುಕುಗಳನ್ನು ಟಾರ್ಚ್ ಹಿಡಿದು ತೋರಿಸಿದ ಮೇಲೆಯೇ ಹೊಸದನ್ನು ಹಾಕುವ ಮಾತೆತ್ತಿದರು. ಟೈರಿನ ಪಕ್ಕದಲ್ಲಿದ್ದ 3216 ಎಂಬ ಅಂಕಿ 2016ರ 32ನೇ ವಾರದ ತಯಾರಿಕೆಯನ್ನು ಸೂಚಿಸುತ್ತದೆಂದು ವಿವರಿಸಿದರು. ಬಿಡಿಭಾಗಗಳನ್ನು ಜೆ.ಸಿ. ರಸ್ತೆಯಿಂದ ನಾವೇ ತರಬಹುದು. ಬಿಲ್ ಮಾತ್ರ ಇರಲೇಬೇಕೆಂಬುದು ಅವರ ಷರತ್ತು, ಅದು ಸರಿಯೂ ಹೌದು. ಶನಿವಾರ ಬಹಳ ನೂಕುನುಗ್ಗಲಿರುವುದರಿಂದ ವಾರದ ನಡುವೆ ಹೋಗುವುದು ಒಳ್ಳೆಯದು.